ಅಂಚೆಚೀಟಿಯ ಮೇಲಿನ ತಾಯಿ

ಶೊಘಿಕ್ ಸತ್ತ ಮಧ್ಯಾಹ್ನ ಅವಳ ಗಂಡ ಮುಶೆಘ್, ಹಳೆಯ ಚಿತ್ರಪುಟವೊಂದರಲ್ಲಿನ ಮೇರಿ ತಾಯಿಯ ನೀಲಿ ಹೊದಿಕೆಗೆ ಅಂಟು ಹಚ್ಚುತ್ತ ಕೂತಿದ್ದ. ಯೆರೆವಾನಿನ ಹಸ್ತಪ್ರತಿ ಭಂಡಾರದಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಹಳೆಯ ಹಾಳೆಗಳನ್ನು ರಿಪೇರಿ ಮಾಡುತ್ತಿದ್ದವನು, ಹಾಸಿಗೆ ಹಿಡಿದ ಹೆಂಡತಿಯ ಪಕ್ಕ ಕೂರಲು ಕೇಳಿದ್ದು ಎರಡೇ ದಿನದ ರಜೆ.

"ಪ್ರದರ್ಶನ ಮುಗೀಲಿ ಮುಶೆಘ್," ಎಂದಿದ್ದ ಮುಖ್ಯಸ್ಥ ಗುರ್ಗೆನ್. "ಆರುನೂರು ವರ್ಷ ಕಾದಿರೋ ಪುಟ ಅದು. ನಿನ್ನ ಹೆಂಡ್ತಿ ಎರಡು ದಿನ ಕಾಯಲ್ವಾ?"

ಅವಳು ಕಾಯಲಿಲ್ಲ.

ಮಣ್ಣು ಮಾಡಿ ಬಂದ ದಿನವೇ ಮುಶೆಘ್ ತೀರ್ಮಾನಿಸಿದ. ಗುರ್ಗೆನ್ ಕಣ್ಣಿಗೊತ್ತಿಕೊಳ್ಳುವ ಆ ಪುಟವೇ ಅವನ ಕೈತಪ್ಪಬೇಕು. ಕ್ರಿಸ್ತ ಹುಟ್ಟಿದ ಚಿತ್ರ ಅದು: ಒರಗಿ ಮಲಗಿದ ತಾಯಿ, ಪಕ್ಕದ ಗೋದಲಿಯಲ್ಲಿ ಕೂಸು. ಪ್ರದರ್ಶನದ ನಂತರ ಅದನ್ನು ಪುಸ್ತಕಕ್ಕೆ ಮರಳಿ ಹೊಲಿಯುವ ಕೆಲಸವೂ ಮುಶೆಘ್‌ನದೇ. ಹೊಲಿಯುವುದು ನಕಲನ್ನು, ಮನೆಗೆ ಒಯ್ಯುವುದು ಅಸಲನ್ನು. ಇಷ್ಟು ಸುಲಭವೇ ಎಂದು ಅವನಿಗೇ ನಾಚಿಕೆಯಾಯಿತು.

ಹಾಳಾದ ಪುಸ್ತಕವೊಂದರಿಂದ ಖಾಲಿ ಚರ್ಮದ ಹಾಳೆ ಸಿಕ್ಕಿತು. ಕೆಂಪಿಗೆ ಅರಾರಾತ್ ಬಯಲಿನ ಹುಳುವಿನ ಬಣ್ಣ, ನೀಲಿಗೆ ಅರೆದ ಕಲ್ಲು. ರಾತ್ರಿಗಳಲ್ಲಿ ಅಡುಗೆಮನೆಯ ಮೇಜಿನ ಮೇಲೆ ನಕಲು ಬಿಡಿಸಿದ. ಅಸಲು ಪುಟ ಹಳ್ಳಿಯ ಚರ್ಚಿನಲ್ಲಿದ್ದಾಗ ಭಕ್ತರು ತಲೆತಲಾಂತರದಿಂದ ಮುತ್ತಿಟ್ಟು ತಾಯಿಯ ಹೊದಿಕೆಯ ಅಂಚು ಸವೆದಿತ್ತು. ಒದ್ದೆ ಬಟ್ಟೆಯಿಂದ ನಕಲಿನ ಅಂಚನ್ನೂ ಅಷ್ಟೇ ಸವೆಸಿದ. ಅಸಲಿನ ಮೇಲೆ ಬಿದ್ದಿದ್ದ ಮೇಣದ ಹನಿಯೊಂದನ್ನೂ ಬಿಡಲಿಲ್ಲ. ಮುಗಿದ ಮೇಲೆ ಬರೆದಿಟ್ಟುಕೊಂಡ ಅಳತೆಗಳೊಡನೆ ತಾಳೆ ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಒಣಗಲೆಂದು ನಲವತ್ತು ದಿನ ಶೊಘಿಕ್‌ಳ ಕೋಣೆಯಲ್ಲಿ, ಅವಳ ಖಾಲಿ ದಿಂಬಿನ ಎದುರಿಗೆ ಇಟ್ಟ. ಪ್ರದರ್ಶನ ಮುಗಿದ ಮೇಲೆ ತಂದು ಪುಸ್ತಕಕ್ಕೆ ಹೊಲಿದ. ಯಾರಿಗೂ ಏನೂ ಗೊತ್ತಾಗಲಿಲ್ಲ.

ಆ ವರ್ಷದ ಕ್ರಿಸ್ಮಸ್ ಹಬ್ಬದ ಅಂಚೆಚೀಟಿಗೆ ಗುರ್ಗೆನ್ ಅದೇ ಪುಟವನ್ನು ಆರಿಸಿದಾಗ ಮಾತ್ರ ಮುಶೆಘ್‌ನ ಧೈರ್ಯ ಸ್ವಲ್ಪ ಕುಗ್ಗಿತು. ಆದರೆ ಫೋಟೋದವರು ಬಂದರು, ದೀಪಗಳ ಕೆಳಗೆ ಪುಟವನ್ನು ಹಿಡಿದರು, ಹೊಗಳಿ ಹೋದರು. ಅವನಿಗೆ ನಗು ಬಂತು. ನಾಡಿನ ಮನೆಮನೆಗೂ ಶುಭಾಶಯ ಹೊತ್ತು ಹೋಗುವ ತಾಯಿ ತನ್ನ ಅಡುಗೆಮನೆಯಲ್ಲಿ ಹುಟ್ಟಿದವಳು! ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ?

ಅಸಲು ಪುಟ ಶೊಘಿಕ್‌ಳ ಕೋಟಿನ ಒಳಪದರದಲ್ಲಿ ಸೇರಿತ್ತು. ಆ ನಾಡಿನಲ್ಲಿ ಕ್ರಿಸ್ಮಸ್ ಹಬ್ಬ ಜನವರಿ ಆರಕ್ಕೆ, ಏಳಕ್ಕೆ ಸತ್ತವರ ದಿನ. ಅಂದು ಅವಳ ಗೋರಿಗೆ ಧೂಪ ಹಾಕಿ ಗಡಿಯಾಚೆಯ ತಿಬಿಲಿಸಿಯ ಬಸ್ಸು ಹತ್ತುವುದು, ಕೊಳ್ಳುವವನಿಗೆ ಪುಟ ಕೊಡುವುದು, ಅಲ್ಲಿಂದ ಗುರ್ಗೆನ್‌ಗೆ ನಿನ್ನ ಪುಸ್ತಕದಲ್ಲಿರುವುದು ನಕಲು ಎಂದು ಒಂದು ಕಾಗದ ಬರೆಯುವುದು, ಆ ಅಂಚೆಚೀಟಿಯನ್ನೂ ಒಳಗಿಟ್ಟು. ಅದರಾಚೆ ಏನು ಎಂದು ಅವನು ಯೋಚಿಸಿರಲಿಲ್ಲ. ಅದರಾಚೆ ಏನೂ ಇರಲಿಲ್ಲ.

ಐದನೇ ತಾರೀಖು ಬೆಳಿಗ್ಗೆ ಭಂಡಾರದಲ್ಲಿ ಸಣ್ಣ ಸಮಾರಂಭ. ಅಂಚೆಚೀಟಿಯನ್ನು ಬಾಗಿಲಷ್ಟು ದೊಡ್ಡದು ಮಾಡಿ ಗೋಡೆಗೆ ತೂಗುಹಾಕಿದ್ದರು. ಪುಸ್ತಕ ಯಾವ ಹಳ್ಳಿಯದೋ ಆ ಹಳ್ಳಿಯಿಂದ ನುನುಫಾರ್ ಅಜ್ಜಿಯನ್ನು ಕರೆಸಿದ್ದರು. ಅದು ಭಂಡಾರ ಸೇರುವ ಮೊದಲು, ಹುಡುಗಿಯಾಗಿದ್ದಾಗ, ಪ್ರತಿ ಹಬ್ಬಕ್ಕೂ ಅದಕ್ಕೆ ಮುತ್ತಿಟ್ಟವಳು. ಅಜ್ಜಿ ಚಿತ್ರದ ಹತ್ತಿರ ಹೋಗಿ ಬಗ್ಗಿದಳು, ಮೇಲೆ ನೋಡಿದಳು, ಅಲ್ಲೇ ನಿಂತಳು.

"ಅಯ್ಯೋ, ತಾಯಿ ಕೆನ್ನೆಗೆ ಯಾರಪ್ಪಾ ಮುತ್ತಿಟ್ಟೋರು? ಬಣ್ಣಾನೇ ಹೋಗಿದೆ."

"ನಿಮ್ಮೂರೋರೇ ಅಜ್ಜಿ," ಗುರ್ಗೆನ್ ನಕ್ಕ. "ಆರುನೂರು ವರ್ಷ ಬಿಟ್ಟೂಬಿಡದೆ ಇಟ್ಟಿದೀರಲ್ಲ."

"ನಮ್ಮೋರಾ? ಹೊದಿಕೆ ಅಂಚಿಂದ ಮೇಲೆ ತುಟಿ ಎತ್ತಿದ್ರೆ ನಮ್ಮಜ್ಜಿ ತಲೆಗೆ ಮೊಟಕೋಳು. ಕೆನ್ನೆಗೆ ಮುತ್ತಿಡೋಕೆ ಅವಳೇನು ಹೆಂಡ್ತಿಯಾ?"

ಜನ ನಕ್ಕರು. ಗುರ್ಗೆನ್‌ನ ನಗು ಮಾತ್ರ ಅರ್ಧಕ್ಕೆ ನಿಂತಿತು. ಅವನು ಗೋಡೆಯ ಚಿತ್ರವನ್ನೇ ನೋಡಿದ, ಆಮೇಲೆ ಕಪಾಟಿನಿಂದ ಆ ಪುಟದ ಹಳೆಯ ಫೋಟೋಗಳ ಕಟ್ಟು ತರಲು ಹೇಳಿದ. ಮುಶೆಘ್ ಓಡಲಿಲ್ಲ. ಚರ್ಮ, ಬಣ್ಣ, ಮೇಣ, ಅಂಚಿನ ಸವೆತ, ಎಲ್ಲವನ್ನೂ ಅವನು ಲೆಕ್ಕ ಹಾಕಿದ್ದ. ತಾಯಿಯ ಮುಖ ಶೊಘಿಕ್‌ಳ ಮುಖದ ಹಾಗೇ ಇತ್ತು. ನಕಲು ಒಣಗುತ್ತಿದ್ದ ಆ ನಲವತ್ತು ದಿನವೂ ಮಲಗುವ ಮುನ್ನ ಅವನು ಆ ಕೆನ್ನೆಗೆ ಒಂದು ಮುತ್ತಿಟ್ಟಿದ್ದ.