ಎಡ ಮುಂದಿನ ಆಸನದ ತೂಕ

2025ರ ನವೆಂಬರ್ 18, ಮಂಗಳವಾರ, ಬೆಳಗ್ಗೆ 9 ಗಂಟೆ 40 ನಿಮಿಷ. ಬೈಂದೂರು ಠಾಣೆಯ ಸಬ್ ಇನ್‌ಸ್ಪೆಕ್ಟರ್ ಶ್ರೀಲತಾ ಅವರ ಮೇಜಿನ ಮೇಲೆ ಒಂದು ಪುಟದ ದೂರು ಬಂತು. ತಂದವಳು ಹಂಗಾರಕಟ್ಟೆಯ ಶರಣ್ಯಾ. ಇಪ್ಪತ್ತೊಂಬತ್ತರ ಪ್ರಾಯ. ‘ಪಡುಗಾಳಿ ಏರ್ ಚಾರ್ಟರ್’ ಎಂಬ ಬಾಡಿಗೆ ಹೆಲಿಕಾಪ್ಟರ್ ಕಂಪೆನಿಯಲ್ಲಿ ಸಹ ಪೈಲಟ್.

“ಕೂಕಣಿ.”

“ಕೂಕಂಬುಕೆ ಬಂದದ್ದಲ್ಲ ಮೇಡಂ. ಮೊದ್ಲ್ ಅದನ್ನ ಓದಿ.”

ಶ್ರೀಲತಾ ಓದಿದರು. ನಾಲ್ಕು ದಿನದ ಹಿಂದೆ, 14ರ ಶುಕ್ರವಾರ, ಕಂಪೆನಿಯ ಹೆಲಿಕಾಪ್ಟರ್ ಆರು ಪ್ರಯಾಣಿಕರನ್ನು ಹೊತ್ತು ಬೈಂದೂರಿನ ಹೆಲಿಪ್ಯಾಡಿನಲ್ಲಿ ಇಳಿಯುವಾಗ ಮುಂದಿನ ಚಕ್ರ ಮಡಚಿಕೊಂಡು ಮೂಗು ನೆಲಕ್ಕೆ ಬಡಿದಿತ್ತು. ಒಬ್ಬ ಹೆಂಗಸಿನ ಮಣಿಕಟ್ಟು ಮುರಿದಿತ್ತು. ದಾಖಲೆಯಲ್ಲಿ ಕ್ಯಾಪ್ಟನ್ ರೋಷನ್, ಸಹ ಪೈಲಟ್ ಶರಣ್ಯಾ. ದೂರಿನ ಕೊನೆಯ ಸಾಲು: ಆ ದಿನ ನಾನು ಅದರಲ್ಲಿ ಇರಲೇ ಇಲ್ಲ.

“ಆರ್ ತಿಂಗ್ಳಿಗೊಂದ್ಸಲ ಪರೀಕ್ಷಕ್ರ ಎದ್ರಿಗೆ ಹಾರ್ಸಿ ತೋರ್ಸ್ಕ್. ಅದ್ಕೆ ಚೆಕ್ ಅಂತ್ರ್. ನನ್ ಚೆಕ್ಕಿನ ಅವಧಿ ಹನ್ನೆರಡ್ನೇ ತಾರೀಕಿಗೆ ಮುಗ್ದಿತ್ತ್. ಹೊಸ ಚೆಕ್ ಆಗ್ದೆ ಹಾರ್ಸುದಿಲ್ಲ ಅಂದೆ, ಮನಿಗ್ ಹೋದೆ.”

“ಮನಿಯಂಗ್ ಇದ್ದದ್ದ್ ಕಂಡವ್ರ್ ಯಾರ್?”

“ಅಮ್ಮ.”

ಹೆಡ್ ಕಾನ್‌ಸ್ಟೆಬಲ್ ಶೀನ ತಲೆ ಕೆರೆದುಕೊಂಡರು. “ಅಮ್ಮನ ಸಾಕ್ಷಿ ಮನಿ ಜಗ್ಲಿ ದಾಟುದಿಲ್ಲೆ ಮಗಾ.”

“ಅದೇ ಧೈರ್ಯ ಅವ್ರಿಗೆ. ತಪ್ಪಾಯ್ತ್ ಅಂತ ಸಹಿ ಹಾಕ್, ಮೂರ್ ತಿಂಗ್ಳ್ ಅಮಾನತಂಗೆ ಮುಗ್ಸ್ತೊ ಅಂತ್ರ್. ಇಪ್ಪತ್ನಾಲ್ಕಕ್ಕೆ ನಾನ್ ವಿಮಾನಯಾನ ಇಲಾಖೆಗೆ ಉತ್ರ ಕೊಡ್ಕ್. ಸಹಿ ಹಾಕುದಿಲ್ಲ. ಲೈಸೆನ್ಸ್ ಹೋಪುದಾರೆ ಹೋಯ್ಲಿ, ಸುಳ್ಳಿಗೆ ನನ್ ಹೆಸ್ರ್ ಕೊಡುದಿಲ್ಲ.”

ಆರು ದಿನ. ಶ್ರೀಲತಾ 10.55ಕ್ಕೆ ಎಫ್‌ಐಆರ್ ದಾಖಲಿಸಿದರು.

11.40ಕ್ಕೆ ಕಂಪೆನಿಯ ಕಚೇರಿ. ಕಾರ್ಯಾಚರಣೆಯ ಮ್ಯಾನೇಜರ್ ಉಲ್ಲಾಸ್ ಕೇಳುವ ಮೊದಲೇ ಫೈಲು ತೆರೆದಿಟ್ಟ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಗಟ್ಟಿ ಮೈಕಟ್ಟು.

“ಇದು ಅವಳ ಹೊಸ ಚೆಕ್ ಫಾರ್ಮ್. ನವೆಂಬರ್ ಹನ್ನೊಂದು, ಹತ್ತೂಕಾಲರಿಂದ ಹನ್ನೊಂದೂ ಇಪ್ಪತ್ತರವರೆಗೆ. ಉತ್ತೀರ್ಣ. ಅಪಘಾತ ಆದಮೇಲೆ ಹೆದರಿ ಇಲ್ಲ ಅಂತಿದ್ದಾಳೆ.”

“ಯಾವ ಹೆಲಿಕಾಪ್ಟರಿನಲ್ಲಿ?”

“ನಮ್ಮಲ್ಲಿ ಇರುವುದೇ ಒಂದು.”

ಕ್ಯಾಪ್ಟನ್ ರೋಷನ್ ನೆಲ ನೋಡುತ್ತ ಹೇಳಿದ: “ಶರಣ್ಯಾನೇ ಇದ್ದಳು.”

ಭೌತಶಾಸ್ತ್ರದಲ್ಲಿ ಪದವಿ ಮಾಡಿ ಪೊಲೀಸಾದ ಶ್ರೀಲತಾ ಅವರಿಗೆ ಹಳೆಯದೊಂದು ಚಾಳಿ ಉಳಿದಿತ್ತು. ಮನುಷ್ಯರು ಹೇಳಿದ್ದನ್ನು ಯಂತ್ರವೂ ಹೇಳುತ್ತದೆಯೇ ಎಂದು ನೋಡುವುದು. ಅವರು ದುರಸ್ತಿಯ ದಾಖಲೆ ಪುಸ್ತಕ ಕೇಳಿದರು. 11ರಂದು ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಹೆಲಿಕಾಪ್ಟರು ಗಿಯರ್‌ಬಾಕ್ಸ್ ಬಿಚ್ಚಿಕೊಂಡು ಶೆಡ್ಡಿನಲ್ಲಿ ನಿಂತಿತ್ತು.

“ತಾರೀಕು ಬರೆಯುವಾಗ ಕೈತಪ್ಪಿರಬಹುದು,” ಎಂದ ಉಲ್ಲಾಸ್.

ಸಂಜೆ ಫಾರ್ಮಿನಲ್ಲಿ ಹೆಸರಿದ್ದ ಪರೀಕ್ಷಕರಿಂದ ಇಮೇಲ್ ಉತ್ತರ ಬಂತು. ಚೆಕ್ ನಡೆಸಿಲ್ಲ, ಸಹಿ ನನ್ನದಲ್ಲ. ಫಾರ್ಮ್ ಖೋಟಾ ಎಂಬುದು ಖಚಿತವಾಯಿತು. ಆದರೆ ಶುಕ್ರವಾರ ಆ ಆಸನದಲ್ಲಿ ಶರಣ್ಯಾ ಇರಲಿಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗದು.

19ರಂದು ಗಂಗೊಳ್ಳಿ. ಮಣಿಕಟ್ಟು ಮುರಿದುಕೊಂಡ ಸರಸ ಪ್ಲಾಸ್ಟರ್ ಕೈಯಲ್ಲೇ ಮೀನಿನ ಲೆಕ್ಕ ಹೇಳುತ್ತಿದ್ದರು.

“ಸರಸಕ್ಕ, ಎದ್ರಿಗೆ ಕ್ಯಾಪ್ಟನ್ ಪಕ್ಕ ಕೂಕಂಡದ್ದ್ ಹೆಣ್ಣಾ ಗಂಡಾ?”

“ನಡ್ವೆ ಒಂದ್ ಹಲ್ಗಿ ಇತ್ತ್. ಕಂಡ್ರೂ ಎಂತ ಕಾಂಬುದ್ ಮಾರಾಯ್ರೆ? ಹತ್ತಿದಲ್ಲಿಂದ ಇಳಿವರಿಗೂ ಕಣ್ಣ್ ಮುಚ್ಕಂಡ್ ಆನೆಗುಡ್ಡೆ ಗಣಪತಿನ ಕರಿತಾ ಇದ್ದೆ. ಅವ ಕೈ ಒಂದನ್ನ ಬಿಟ್ಟ್ ಉಳ್ದದ್ದೆಲ್ಲ ಕಾಪಾಡ್ದ.” ಉಳಿದ ಐವರು ಪ್ರಯಾಣಿಕರೂ ಮುಂದೆ ಕೂತವರನ್ನು ಗಮನಿಸಿರಲಿಲ್ಲ.

20ರಂದು ಹೆಲಿಪ್ಯಾಡಿನಲ್ಲಿ ಸಾಮಾನು ತೂಗುವ ಚೆನ್ನಯ್ಯನ ಸರದಿ. ಮೂವತ್ತು ವರ್ಷ ಮೀನಿನ ದೋಣಿಯ ಚುಕ್ಕಾಣಿ ಹಿಡಿದ ತಾಂಡೇಲನಾಗಿದ್ದ ಮುದುಕ. ಹತ್ತುವ ಪ್ರತಿಯೊಬ್ಬರನ್ನೂ, ಪೈಲಟರನ್ನೂ ಸೇರಿಸಿ, ತಕ್ಕಡಿಯ ಮೇಲೆ ನಿಲ್ಲಿಸುವುದು ಅವನ ಕೆಲಸ. ಉಲ್ಲಾಸ್ ಕಂಪ್ಯೂಟರಿನಲ್ಲಿ ತುಂಬಿದ್ದ ಶುಕ್ರವಾರದ ತೂಕದ ಪಟ್ಟಿಯಲ್ಲಿ ಸಹ ಪೈಲಟ್ 54 ಕಿಲೋ ಎಂದಿತ್ತು. ಅದು ಶರಣ್ಯಾಳ ತೂಕವೇ.

ಶೀನ ಅವನ ಅಂಗಿಯ ಜೇಬಿನತ್ತ ಬೆರಳು ಮಾಡಿದರು. “ಹ್ವಾಯ್ ಚೆನ್ನಯ್ಯಣ್ಣ, ಅದ್ಯಂತ ಪುಸ್ತಕ?”

“ನಂದ್. ಮೊದ್ಲ್ ಇದ್ರಂಗ್ ಬರ್ಕಂಬುದ್, ಮತ್ತೆ ಅವ್ರಿಗೆ ಹೇಳುದ್.”

“ಹೆಸ್ರೇ ಇಲ್ಯಲ?”

“ದೋಣಿಯಂಗೆ ಹೆಸ್ರಿಗ್ ಭಾರ ಇಲ್ಲೆ. ಎಲ್ಲಿ ಎಷ್ಟ್ ಅಂಬುದ್ ಗೊತ್ತಾರೆ ಸಾಕ್.”

14ನೇ ತಾರೀಕಿನ ಹಾಳೆ. ಬಲ ಮುಂದೆ, ಅಂದರೆ ಕ್ಯಾಪ್ಟನ್, 76.4. ಎಡ ಮುಂದೆ, ಸಹ ಪೈಲಟ್, 83.2.

ಶ್ರೀಲತಾ ಆ ಅಂಕಿಯನ್ನು ಎರಡು ಸಲ ಓದಿದರು. “ಎಡಗಡೆ ಕೂಕಂಡದ್ದ್ ಯಾರ್ ಚೆನ್ನಯ್ಯ?”

ಮುದುಕ ಕಡಲಿನ ಕಡೆಗೆ ತಿರುಗಿದ. “ಉಂಡ ಮನಿ ಮೇಡಂ. ಬಾಯಂಗ್ ಹೇಳುದಿಲ್ಲೆ, ನೀವ್ ಒಳ್ಗ್ ಹಾಕಿರೂ ಸೈ.”

“ಸುಳ್ ಬರ್ದಿದ್ರೆ ನಿಮ್ಗೂ ಸುಖ ಇತ್ತಲ?”

“ತೂಕ ಸುಳ್ ಬರೂದಾ?” ಅವನ ದನಿ ಏರಿತು. “ನಮ್ಮಪ್ಪಯ್ಯ ಒಂದ್ಸಲ ಮೀನ್ ಬಲಿ ಭಾರ ಕಮ್ಮಿ ಹೇಳಿದ್ದಕ್ಕೆ ಅಳ್ವೆ ಬಾಯಂಗೆ ದೋಣಿ ಮಗ್ಚಿತ್. ತಕ್ಡಿ ಹತ್ತದೆ ಯಾರ್ನೂ ನಾನ್ ಬಿಡುದಿಲ್ಲೆ. ಮಾಲಕ್ರಾರೂ ಸೈ.”

21ರ ಬೆಳಗ್ಗೆ 11 ಗಂಟೆ. ತೂಕ ಮತ್ತು ಅಳತೆ ಇಲಾಖೆಯ ಅಧಿಕಾರಿ ಇಪ್ಪತ್ತು ಕಿಲೋದ ಪರೀಕ್ಷಾ ತೂಕದ ಕಲ್ಲುಗಳನ್ನಿಟ್ಟು ತಕ್ಕಡಿ ಸರಿಯಿದೆ ಎಂದು ಬರೆದುಕೊಟ್ಟರು. ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಕಂಪೆನಿಯವರೆಲ್ಲ ತೂಕಕ್ಕೆ ನಿಲ್ಲಬೇಕು ಎಂದಾಗ ಉಲ್ಲಾಸ್ ನಕ್ಕ.

“ಇದೇನು ಅಕ್ಕಿ ಅಂಗಡಿಯೇ?”

“ನಾನೇ ಮೊದಲು ಹತ್ತುತ್ತೇನೆ,” ಎಂದು ಶ್ರೀಲತಾ ಹತ್ತಿ ಇಳಿದರು. 66.1. ಶೀನ ಎರಡು ಹೆಜ್ಜೆ ಹಿಂದೆ ಸರಿದು, “ನಂದ್ ಪಂಚನಾಮೆಯಂಗೆ ಬ್ಯಾಡ ಮೇಡಂ,” ಎಂದರು.

ಉಳಿದ ನೌಕರರು 61, 57, 70, 68. ಶರಣ್ಯಾ 54.1. ರೋಷನ್ 76.6. ಉಲ್ಲಾಸ್ 83.5.

“ತೂಕ ಒಬ್ಬರ ಗುರುತಲ್ಲ,” ಎಂದರು ಶ್ರೀಲತಾ, ಉಲ್ಲಾಸನಿಗಲ್ಲ, ರೋಷನ್‌ಗೆ. “ಆದರೆ ಇವಳು ಅಲ್ಲಿರಲಿಲ್ಲ ಎಂದು ಹೇಳಲು ಇಷ್ಟು ಸಾಕು. ಈಗ ನೀವು ಹೇಳಿ ಕ್ಯಾಪ್ಟನ್.”

ರೋಷನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. “ಉಲ್ಲಾಸ್. ಹಾರಾಟ ರದ್ದಾದರೆ ನಿನ್ನ ಕೆಲಸ ಹೋಗುತ್ತದೆ ಅಂದ. ಅವನು ಆ ಆಸನದಲ್ಲಿ ಕೂತದ್ದು ಇದು ನಾಲ್ಕನೇ ಸಲ.”

ಉಲ್ಲಾಸ್ ಅಲ್ಲಗಳೆಯಲಿಲ್ಲ. ಎದೆ ಸೆಟೆಸಿ ನಿಂತ.

“ಹೌದು, ನಾನೇ. ತರಬೇತಿಯಲ್ಲಿ ನೂರಾ ತೊಂಬತ್ತು ಗಂಟೆ ಹಾರಿಸಿದವ ನಾನು. ಒಂದು ಪುಸ್ತಕದ ಬಣ್ಣದ ಚುಕ್ಕೆಗಳ ನಡುವಿನ ಅಂಕಿ ಓದಲಿಲ್ಲ ಅಂತ ನೆಲಕ್ಕೆ ಕಟ್ಟಿಹಾಕಿದರು. ಒಂಬತ್ತು ವರ್ಷ ಬೇರೆಯವರ ಚೆಕ್ಕಿನ ತಾರೀಕು ಕಾದಿದ್ದೇನೆ. ನನಗೆ ಹಾರಿಸಲು ಬರುತ್ತದೆ. ಯಾರೂ ಸತ್ತಿಲ್ಲ.”

“ಚಕ್ರ ಸರಿಯಾಗಿ ಇಳಿದು ಕೂತರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಇಳಿಯುವಾಗ ಯಾವ ಬಣ್ಣದ್ದಿತ್ತು?”

“ಹಸಿರು.”

“ಕೆಂಪು,” ಎಂದ ರೋಷನ್. “ನಾನು ಗಾಳಿ ನೋಡುತ್ತಿದ್ದೆ. ಕೇಳಿದೆ, ಹಸಿರು ಅಂದ, ನಂಬಿದೆ. ನೆಲಕ್ಕೆ ಬಡಿದ ಮೇಲೆ ನೋಡಿದರೆ ಕೆಂಪು.”

“ಹಸಿರೇ,” ಎಂದ ಉಲ್ಲಾಸ್. ಮಧ್ಯಾಹ್ನ 12.35ಕ್ಕೆ ಬಂಧಿಸಿ ಜೀಪು ಹತ್ತಿಸುವಾಗಲೂ ಅದನ್ನೇ ಹೇಳಿದ.

ಖೋಟಾ ದಾಖಲೆ, ಸೋಗು, ಜೀವಕ್ಕೆ ಅಪಾಯ ತಂದದ್ದು. ಇಷ್ಟು ಅವನ ಮೇಲೆ. ರೋಷನ್‌ನ ಸುಳ್ಳು ಹೇಳಿಕೆಗೆ ಬೇರೆಯೇ ಕಲಮು. ಕುಂದಾಪುರ ನ್ಯಾಯಾಲಯಕ್ಕೆ ವರದಿ ಬರೆಯುತ್ತ ಶ್ರೀಲತಾ ಒಂದು ಸಾಲಿನಲ್ಲಿ ತಡೆದು ನಿಂತರು. ಫಾರ್ಮು, ಸಹಿ, ಪಟ್ಟಿ ಎಲ್ಲ ಸುಳ್ಳು ಮಾಡಿದವನು ದೀಪದ ವಿಷಯದಲ್ಲಿ ಮಾತ್ರ ಸುಳ್ಳು ಹೇಳಿರಲಿಲ್ಲ. ಕೆಂಪು ಹಸಿರಿನ ಭೇದ ತಿಳಿಯದ ಅವನ ಕಣ್ಣಿಗೆ ಕಂಡದ್ದೇ ಅಷ್ಟು. ಅದಕ್ಕೇ ಆ ಬಣ್ಣದ ಚುಕ್ಕೆಗಳ ಪರೀಕ್ಷೆ ಇದ್ದದ್ದು. ಒಂಬತ್ತು ವರ್ಷ ಅವನು ಒಪ್ಪದೆ ಹೋದದ್ದೂ ಅದೊಂದನ್ನೇ.

ಶರಣ್ಯಾ 24ರಂದು ಇಲಾಖೆಗೆ ಕೊಟ್ಟ ಉತ್ತರದ ಜತೆ ಪಂಚನಾಮೆಯ ನಕಲು ಹೋಯಿತು. ಜನವರಿಯಲ್ಲಿ ಹೊಸ ಪರೀಕ್ಷಕರ ಎದುರು ಹಾರಿಸಿ ತೇರ್ಗಡೆಯಾದಳು. ಕಂಪೆನಿಗೆ ಮತ್ತೆ ಪರವಾನಗಿ ಸಿಕ್ಕ ದಿನ ಶ್ರೀಲತಾ ಹೆಲಿಪ್ಯಾಡಿನ ಬೇಲಿಯಾಚೆ ನಿಂತು ನೋಡಿದರು.

“ಹತ್ತ್ ಹೆಣ್ಣೆ,” ಎಂದ ಚೆನ್ನಯ್ಯ. “ಪೇಪರಂಗ್ ನಿನ್ ಫೋಟೊ ಬಂದ್ರೂ ತಕ್ಡಿಗೆ ಹತ್ತುಕೇ ಬೇಕ್.”

ಹಳೆಯ ಪುಸ್ತಕ ನ್ಯಾಯಾಲಯದಲ್ಲಿತ್ತು. ಹೊಸದರ ಮೊದಲ ಹಾಳೆಯಲ್ಲಿ ಅವನು ಹೆಸರಿಲ್ಲದೆ ಬರೆದ: ಎಡ ಮುಂದೆ, 54 ಕಿಲೋ 300 ಗ್ರಾಂ.