ಎಡಗಡೆ ಮುಂದಿನ ಟೈರು

“ಈ ಗಾಡಿ ಓಡಿಸೋದು ಯಾರು ಮೇಡಂ? ಸರಿಯಾಗಿ ಬರುತ್ತಾ ಅವ್ರಿಗೆ?”

ಭೀಮೇಶ್ ಬಗ್ಗಿ ಟೈರು ನೋಡುತ್ತಲೇ ಕೇಳಿದ. ಇಂಪನಾ ಕಾರಿನ ನೆತ್ತಿಯ ಮೇಲಿದ್ದ ಹಳದಿ ಬೋರ್ಡಿನ ಕಡೆ ಬೆರಳು ತೋರಿಸಿದಳು. ಭದ್ರಾವತಿಯಲ್ಲಿ ಹೆಂಗಸರಿಗೆ ಡ್ರೈವಿಂಗ್ ಕಲಿಸುವ ಶಾಲೆ ಅವಳದು.

“ನಿಮಗೆ ಓದಕ್ಕೆ ಬರುತ್ತಾ?”

ಅವನು ಓದಿದ. ಕಿವಿ ಕೆಂಪಾಯಿತು. ಬರುತ್ತೆ ಅಂತ ಮೆಲ್ಲಗೆ ಹೇಳಿದ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಅವನದು ಚಕ್ರಗಳ ಓರೆ ತಿದ್ದುವ ವೀಲ್ ಅಲೈನ್‌ಮೆಂಟ್ ಅಂಗಡಿ. ಲೈಸೆನ್ಸ್ ಟೆಸ್ಟಿಗೆ ಶಿಷ್ಯೆಯರನ್ನು ಕರೆತಂದವಳು, ಟೆಸ್ಟ್ ಮುಗಿಸಿ ಕಾರು ತೋರಿಸಲು ಬಂದಿದ್ದಳು. ಎಡಗಡೆ ಮುಂದಿನ ಟೈರಿನ ಹೊರ ಅಂಚು ಮಾತ್ರ ಬೋಳಾಗಿತ್ತು. ಉಳಿದವು ಚೆನ್ನಾಗಿದ್ದವು.

ಕಣ್ಣಿಗಿಂತ ಅಂಗೈಗೆ ಬೇಗ ಗೊತ್ತಾಗುತ್ತೆ ಅಂದ ಅವನು. ಇಂಪನಾ ಟೈರಿನ ಮೇಲೆ ಕೈಯಿಟ್ಟಳು. ಒಳಗಿನಿಂದ ಹೊರಕ್ಕೆ ಸವರಿದರೆ ನುಣುಪು, ಹೊರಗಿನಿಂದ ಒಳಕ್ಕೆ ಸವರಿದರೆ ಗರಗಸದ ಹಾಗೆ ಚುಚ್ಚುತ್ತಿತ್ತು. ಅಂಗೈಗೆ ಮಸಿ ಹತ್ತಿತು. ಅವನು ಭುಜದ ಮೇಲಿದ್ದ ಬಟ್ಟೆ ಚಾಚಿದ. ಅದು ಅವಳ ಕೈಗಿಂತ ಕೊಳೆಯಾಗಿತ್ತು. ಇಬ್ಬರಿಗೂ ನಗು ಬಂತು.

ಅವನು ಹೊಸ ಟೈರು ಹಾಕಿದ, ಅಲೈನ್‌ಮೆಂಟ್ ಆಯಿತು. ಮೂರು ತಿಂಗಳಿಗೆ ಅದೇ ಅಂಚು ಮತ್ತೆ ಸವೆಯಿತು. ಅವನು ಚಕ್ರದ ಕೆಳಗಿನ ಒಂದೊಂದು ಭಾಗವನ್ನೂ ಅಲ್ಲಾಡಿಸಿ ನೋಡಿದ. ಮಷೀನಿನ ಪರದೆಯ ಮೇಲೆ ಎಲ್ಲವೂ ಹಸಿರು, ಯಾವ ತಪ್ಪೂ ಇಲ್ಲ. ಇನ್ನೂ ಮೂರು ತಿಂಗಳಿಗೆ ಮತ್ತದೇ ಕಥೆ.

ಆ ಮೂರನೇ ಸಲ ಇಂಪನಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಕಲಿಯುವವರನ್ನು ಇಂಥ ಟೈರಿನ ಮೇಲೆ ಕೂರಿಸಲು ಭಯವಾಗುತ್ತೆ, ಮುಂದಿನ ಸಲ ಭದ್ರಾವತಿಯಲ್ಲೇ ಯಾರಿಗಾದರೂ ತೋರಿಸ್ತೀನಿ ಅಂದು, ಅವನ ಮುಖ ನೋಡದೆ ಹೊರಟುಹೋದಳು.

ಮಂಗಳವಾರ ಅಂಗಡಿಗೆ ರಜೆ. ಭೀಮೇಶ್ ಬೈಕ್ ಹತ್ತಿ ಭದ್ರಾವತಿಗೆ ಹೋದ. ನ್ಯೂ ಟೌನಿನ ಮೈದಾನದ ನಡುವೆ ಅರಳಿಕಟ್ಟೆ. ಅದರ ಸುತ್ತ ಹಳದಿ ಬೋರ್ಡಿನ ಕಾರು ನಿಧಾನಕ್ಕೆ ತಿರುಗುತ್ತಿತ್ತು. ಸ್ಟೀರಿಂಗ್ ಹಿಡಿದಿದ್ದವರು ಮೆಸ್ ನಡೆಸುವ ಉಚ್ಚಂಗಮ್ಮ, ವಯಸ್ಸು ಐವತ್ತು ದಾಟಿದೆ. ಪ್ರತಿ ಸುತ್ತಿಗೂ ಒಂದು ಕೈ ಎತ್ತಿ ಮರಕ್ಕೆ ನಮಸ್ಕಾರ. ಪಕ್ಕದಲ್ಲಿ ಕೂತ ಇಂಪನಾ ಆ ಕೈಯನ್ನು ಹಿಡಿದು ಮತ್ತೆ ಸ್ಟೀರಿಂಗ್ ಮೇಲಿಡುವಳು. ಹನ್ನೊಂದು ಸುತ್ತು, ಹನ್ನೊಂದೂ ಬಲಕ್ಕೆ. ಆಮೇಲೆ ಕೂತವಳದ್ದೂ ಬಲಕ್ಕೇ. ಒಂದು ಗಂಟೆಯಲ್ಲಿ ಆ ಕಾರು ಒಮ್ಮೆಯೂ ಎಡಕ್ಕೆ ತಿರುಗಲಿಲ್ಲ.

ಬೈಕಿಗೆ ಒರಗಿ ಒಬ್ಬನೇ ನಗುತ್ತಿದ್ದವನ ಎದುರು ಇಂಪನಾ ಬಂದು ನಿಂತಳು. ಅವನು ವಿಷಯ ಬಿಡಿಸಿ ಹೇಳಿದ. ಬಲಕ್ಕೆ ತಿರುಗುವಾಗ ಕಾರಿನ ಭಾರವೆಲ್ಲ ಎಡಗಡೆ ಮುಂದಿನ ಟೈರಿನ ಹೊರ ಅಂಚಿಗೆ ಬೀಳುತ್ತದೆ. ದಿನವಿಡೀ ಹೀಗೇ ಸುತ್ತಿದರೆ ಯಾವ ಟೈರು ತಡೆದೀತು. ಅವಳು ಹಣೆ ಚಚ್ಚಿಕೊಂಡಳು. ಮೊದಲ ಶಿಷ್ಯೆ ಅರಳಿಮರಕ್ಕೆ ಅಪ್ರದಕ್ಷಿಣೆ ಹಾಕಲ್ಲ ಅಂದಿದ್ದಳಂತೆ. ಅವತ್ತಿನಿಂದ ಎಲ್ಲರದ್ದೂ ಪ್ರದಕ್ಷಿಣೆಯೇ. ಕಲಿಸುವವಳಿಗೇ ಅದು ಹೊಳೆದಿರಲಿಲ್ಲ.

“ತಪ್ಪು ನಿಮ್ದಲ್ಲ ಅಂತ ಹೇಳಕ್ಕೆ ಇಷ್ಟು ದೂರ ಬಂದ್ರಾ?”

ಭೀಮೇಶ್ ಕೀಲಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

“ಬೇರೆ ಕಡೆ ತೋರಿಸ್ತೀನಿ ಅಂದ್ರಲ್ಲ, ಅವತ್ತಿಂದ ನನಗೆ ಊಟ ಸೇರ್ತಿಲ್ಲ. ಟೈರು ಹೋದ್ರೆ ಹೋಗ್ಲಿ ಇಂಪನಾ. ನೀವು ಬರಲ್ವಲ್ಲ ಅಂತ.”

ಅವಳು ಮೈದಾನದ ಆಚೆ ತುದಿ ನೋಡುತ್ತಾ ಹೇಳಿದಳು.

“ಟೆಸ್ಟು ಮಂಗಳವಾರ, ಗುರುವಾರ ಎರಡು ದಿನ ಇರುತ್ತೆ. ಮಂಗಳವಾರ ನಿಮ್ಮಂಗಡಿ ರಜಾ ಅಂತ ನಾನು ಟೆಸ್ಟೆಲ್ಲ ಗುರುವಾರಕ್ಕೆ ಹಾಕಿಸ್ಕೊಳ್ತಿದ್ದೆ, ಮಾರಾಯ್ರೇ. ಬರೀ ಟೈರು ನೋಡೋರಿಗೆ ಅದು ಹೇಗೆ ಕಾಣುತ್ತೆ.”

ಇನ್ನು ಮೇಲೆ ಅರ್ಧ ಪಾಠ ಕಟ್ಟೆಯಿಂದ ದೂರ, ಎಡಕ್ಕೆ ಸುತ್ತಿಸಿ ಅಂದ ಭೀಮೇಶ್. ಹಾಗಾದರೆ ಮೊದಲ ಪಾಠ ನಿಮ್ಮದೇ ಅಂತ ಅವಳು ಅವನನ್ನು ಸ್ಟೀರಿಂಗ್ ಮುಂದೆ ಕೂರಿಸಿ, ತಾನು ಎಡಗಡೆಯ ಸೀಟಿನಲ್ಲಿ ಕೂತಳು. ಆ ಬದಿಗೂ ಒಂದು ಬ್ರೇಕ್ ಇದೆ.

ಹತ್ತು ವರ್ಷದಿಂದ ಕಾರುಗಳ ನಡುವೆಯೇ ಇರುವವನು ಮೈದಾನದ ಮೂಲೆಯಲ್ಲಿ ಮೊದಲ ಎಡ ತಿರುವಿಗೇ ಕ್ಲಚ್ ತಪ್ಪಿ ಗಾಡಿ ಆಫ್ ಮಾಡಿಕೊಂಡ.

“ಸರಿಯಾಗಿ ಬರುತ್ತಾ ನಿಮಗೆ?” ಅಂದಳು ಇಂಪನಾ.

ನಗುತ್ತಲೇ ಎರಡು ಸುತ್ತು ಆಯಿತು. ಮೂರನೆಯ ಸುತ್ತಿನಲ್ಲಿ, ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಉಚ್ಚಂಗಮ್ಮ ಅಲ್ಲಿಂದಲೇ ಕೂಗಿ ಹೇಳಿದರು.

“ಈಗ ಎಷ್ಟಾದ್ರೂ ಎಡಕ್ಕೆ ಸುತ್ತಿ ಮೇಡಂ. ಮಂಟಪದಲ್ಲಿ ಮಾತ್ರ ಬಲಕ್ಕೇ ಸುತ್ಬೇಕು.”

ಕಾರಿನ ಗಾಜು ಏರಿಸುವ ಗುಂಡಿ ಇಂಪನಾಳ ಕೈ ಪಕ್ಕದಲ್ಲೇ ಇತ್ತು. ಅವಳು ಏರಿಸಲಿಲ್ಲ. ಅವನಿಗೂ ಕೇಳಿಸಲಿ ಅಂತ ಬಿಟ್ಟಳು.