ಬರ್ತೀನಿ ಅಂದವಳು

“ಡ್ರೈವರ್ ಸೀಟಲ್ಲಿ ಕೂತ್ಮೇಲೆ ಗಾಡಿ ಮಾರೋ ಯಮ್ಮನಿಗೆ ‘ಬರ್ತೀನಿ’ ಅಂತ ಮಾತ್ರ ಅನ್ಬೇಡಿ ಮೇಡಂ,” ಎಂದ ಬಸವಂತ. “ಸಾವಿನ ಮನೆಯಿಂದ ಎದ್ದು ಬರ್ತೀವಲ್ಲ, ಹಂಗೆ. ಏನೂ ಹೇಳ್ದೆ ಗೇರ್ ಹಾಕಿ ಹೊರಟ್ಬಿಡಿ.”

ಗೇಟಿನ ಮೇಲೆ ಕೈಯಿಟ್ಟಿದ್ದ ಸುರಭಿ ಹಾಗೇ ನಿಂತಳು. ಈ ದಲ್ಲಾಳಿ ಆರು ವಾರಗಳಲ್ಲಿ ಹೇಳಿದ ಸುಳ್ಳುಗಳನ್ನೆಲ್ಲ ಕೇಳಿದ್ದಳು. ಇದು ಹೊಸದು.

“ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅಂದ್ರೆ ಬಾಯಿ ಬಿಡಲ್ಲ. ಇದನ್ನ ಮಾತ್ರ ಚೆನ್ನಾಗಿ ಹೇಳ್ತೀರ.”

“ನಗ್ಬೇಡಿ ಮೇಡಂ. ನಮ್ಮಮ್ಮ ಇದೇ ಜರಗನಹಳ್ಳಿಯವ್ರು. ಈ ವಿಷ್ಯ ಕೇಳೇ ಮೂರು ಪಾರ್ಟಿ ವಾಪಸ್ ಹೋದ್ರು.”

“ಅದಕ್ಕೇ ರೇಟ್ ಇಳಿದಿರೋದು. ಅವರಿಗೆ ಥ್ಯಾಂಕ್ಸ್ ಹೇಳ್ಬೇಕು.”

ನಗಬೇಕೆಂದು ನಕ್ಕಿದ್ದಲ್ಲ. ಅವಳಿಗೆ ಸಾಕಾಗಿಹೋಗಿತ್ತು.

ಸುರಭಿ ಜಯನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಬಿಟಿಎಂ ಲೇಔಟಿನ ಬಾಡಿಗೆ ಫ್ಲ್ಯಾಟಿನಲ್ಲಿ ಅವಳು ಮತ್ತು ತಾಯಿ ಸುಧಾಮಣಿ ಇಬ್ಬರೇ. ಸುಧಾಮಣಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಳೆದ ವರ್ಷ ಬಿದ್ದು ಸೊಂಟಕ್ಕೆ ರಾಡ್ ಹಾಕಿಸಿಕೊಂಡ ಮೇಲೆ ಆಟೋ ಇಳಿಯುವ ಒಂದೊಂದು ಹಳ್ಳವೂ ಮೂಳೆಯೊಳಗೆ ಇಳಿಯುತ್ತಿತ್ತು. ಜೆ.ಪಿ. ನಗರದ ಡಯಾಲಿಸಿಸ್ ಸೆಂಟರ್ ತಲುಪುವಷ್ಟರಲ್ಲಿ ಕಚ್ಚಿ ಕಚ್ಚಿ ತುಟಿ ಒಡೆದಿರುತ್ತಿತ್ತು. “ಇವತ್ತೊಂದಿನ ಬೇಡ ಕಣೇ,” ಎಂದು ಎರಡು ಸಲ ತಪ್ಪಿಸಿದ್ದಳು. ಎರಡನೆಯ ಸಲ ಶ್ವಾಸಕೋಶದಲ್ಲಿ ನೀರು ತುಂಬಿತು. ಇನ್ನೊಂದು ತಪ್ಪಿದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಸುರಭಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಕುಲುಕದ ಗಾಡಿ ಬೇಕಿತ್ತು. ಕೈಯಲ್ಲಿದ್ದ ಹನ್ನೆರಡು ಲಕ್ಷಕ್ಕೆ ಬರುವ ಹೊಸ ಗಾಡಿಗಳೆಲ್ಲ ಹಳ್ಳಕ್ಕೆ ಹಾರುವಂಥವು. ಹಳೆಯ ಐಷಾರಾಮಿ ಎಸ್‌ಯುವಿಗಳಲ್ಲಿ ಸ್ಪ್ರಿಂಗಿನ ಬದಲು ಗಾಳಿಚೀಲಗಳಿರುತ್ತವೆ. ಒಂದು ಗುಂಡಿ ಒತ್ತಿದರೆ ಗಾಡಿ ಒಂಟೆಯ ಹಾಗೆ ಮೈ ತಗ್ಗಿಸಿ ಹತ್ತಿಸಿಕೊಳ್ಳುತ್ತದೆ. ಹೊಸದರಲ್ಲಿ ಎಪ್ಪತ್ತು ಲಕ್ಷವಾದದ್ದು ಹತ್ತು ವರ್ಷವಾದರೆ ಹನ್ನೆರಡಕ್ಕೆ ಸಿಗುತ್ತದೆ.

ಸಿಗುತ್ತದೆ, ಆದರೆ ಎಂಥದ್ದು! ಬನಶಂಕರಿಯಲ್ಲಿ ನೋಡಿದ ಗಾಡಿ ಒಂದು ಪಕ್ಕಕ್ಕೆ ಕುಸಿದು ಕೂತಿತ್ತು. “ಅದು ಹಂಗೇ ನಿಲ್ಲೋದು ಮೇಡಂ, ಸ್ಟೈಲು,” ಎಂದ ಮಾರುವವನು. ಇನ್ನೊಂದರ ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿತ್ತು. ನೆರೆಯಲ್ಲಿ ಮುಳುಗಿ ಎದ್ದದ್ದು. ಮೂರನೆಯದರ ಮೀಟರು ನಲವತ್ತು ಸಾವಿರ ತೋರಿಸುತ್ತಿತ್ತು, ಬ್ರೇಕ್ ಪೆಡಲಿನ ರಬ್ಬರು ಮಾತ್ರ ಸೋಪಿನ ಚೂರಿನಂತೆ ಸವೆದಿತ್ತು. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ: “ಸಾರ್ ಬರ್ಲಿಲ್ವಾ ಮೇಡಂ?” ಹತ್ತನೆಯ ಕಡೆ ಅವಳು, “ಯಾವ ಸಾರು? ಬೇಳೆ ಸಾರಾ?” ಎಂದು ಕೇಳಿಬಿಟ್ಟಿದ್ದಳು.

ಹನ್ನೊಂದನೆಯದು ಇದು.

ಮೂರಂತಸ್ತಿನ ಬಾಡಿಗೆ ಕಟ್ಟಡದ ಹಿಂದೆ ಮನೆಯೊಡತಿ ನಾರಾಯಣಮ್ಮ ತನಗೆಂದು ಹೆಂಚಿನ ಹಳೇ ಮನೆ ಉಳಿಸಿಕೊಂಡಿದ್ದಳು. ಹತ್ತು ತಿಂಗಳ ಹಿಂದೆ ಒಬ್ಬಳೇ ಮಗಳು ರಮ್ಯ ತೀರಿಕೊಂಡಿದ್ದಳು. ಗಾಡಿ ಆ ಮಗಳದ್ದು. ಟಾರ್ಪಾಲು ಸರಿಸಿದಾಗ ಹನ್ನೊಂದು ಗಂಟೆಯ ಬಿಸಿಲಲ್ಲೂ ಅದರ ಕಪ್ಪು ಮೈ ತಣ್ಣಗಿತ್ತು.

ಸುರಭಿ ಎಲ್ಲ ನೋಡಿದಳು. ಬೆಲ್ಟು, ಪೆಡಲು, ಗಾಳಿಚೀಲ. ಎಲ್ಲವೂ ಸರಿಯಿತ್ತು. ವಾಸನೆಯೊಂದೇ ಸರಿಯಿರಲಿಲ್ಲ. ಚರ್ಮದ ಸೀಟುಗಳ ವಾಸನೆಯ ಅಡಿಯಲ್ಲಿ ಸುಟ್ಟ ಕೂದಲಿನ ಕಮಟು, ಅದರ ಅಡಿಯಲ್ಲಿ ಕೆರೆಯ ಪಾಚಿಯ ನಾತ. ಮ್ಯಾಟ್ ಎತ್ತಿದಳು. ಅರಿಶಿನದ ಬಟ್ಟೆಯ ಗಂಟು. ಬಿಚ್ಚಿದರೆ ಉದ್ದನೆಯ ಹೆಣ್ಣುಕೂದಲು, ಏಳು ಕಡೆ ಗಂಟು ಹಾಕಿದ್ದು.

ಬಸವಂತ ಎರಡು ಹೆಜ್ಜೆ ಹಿಂದೆ ಸರಿದ. ಸುರಭಿ ಅದನ್ನು ಎರಡು ಬೆರಳಲ್ಲಿ ಹಿಡಿದು ಚರಂಡಿಗೆ ಎಸೆದಳು. ನಿಂಬೆಹಣ್ಣು ಶರಬತ್ತಿಗೆ ಮಾತ್ರ ಎನ್ನುತ್ತಿದ್ದ ಸಂಜೀವಯ್ಯನ ಮಗಳು ಅವಳು. ತೀರಿಹೋದ ಆ ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ.

ಕಾಗದ, ಸಹಿ ಎಲ್ಲ ಮುಗಿದವು. ಅವಳು ಸೀಟಿನಲ್ಲಿ ಕೂತಾಗ ನಾರಾಯಣಮ್ಮ ಕಿಟಕಿಯ ಹತ್ತಿರ ಬಂದಳು. ಸಣಕಲು ಮುಖ, ನಿದ್ದೆ ಕಾಣದ ಕಣ್ಣು.

“ಮುದ್ದೆ ಆಗೈತೆ. ಒಂದು ತುತ್ತು ತಿಂದು ಹೋಗವ್ವ.”

ಬಸವಂತ ಮುದುಕಿಯ ಬೆನ್ನ ಹಿಂದಿನಿಂದ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ. ಸುರಭಿ ನೇರವಾಗಿ ಅವನನ್ನೇ ನೋಡುತ್ತ, ಪಾಠ ಹೇಳುವ ಗಟ್ಟಿ ದನಿಯಲ್ಲಿ ಹೇಳಿದಳು.

“ಇವತ್ತು ಟೈಮಿಲ್ಲ ಅಮ್ಮಾ. ಬರ್ತೀನಿ.”

ಮುದುಕಿ ಕಣ್ಣು ಮುಚ್ಚಿದಳು. ಬಹಳ ದಿನದ ಬಾಯಾರಿಕೆಗೆ ನೀರು ಸಿಕ್ಕವರಂತೆ ಗಂಟಲು ಒಮ್ಮೆ ಏರಿ ಇಳಿಯಿತು.

“ಬಾ ಮಗಳೇ,” ಎಂದಳು.

ಸೋಮವಾರ ಸುಧಾಮಣಿ ಹಿಂದಿನ ಸೀಟಿನಲ್ಲಿ ಮಲಗಿ ನಿದ್ದೆಹೋದಳು. ರಸ್ತೆಯಲ್ಲಿ ಅವಳು ನರಳದೇ ಇದ್ದದ್ದು ಒಂದು ವರ್ಷದಲ್ಲಿ ಅದೇ ಮೊದಲು. “ತೊಟ್ಟಿಲು ಕಣೇ ಇದು,” ಎಂದಳು ಎದ್ದಮೇಲೆ. ಸುರಭಿ ಸೆಂಟರಿನ ಶೌಚಾಲಯಕ್ಕೆ ಹೋಗಿ ಐದು ನಿಮಿಷ ಅತ್ತು ಬಂದಳು.

ಬುಧವಾರ ಒಂದು ತಿರುವು ತಪ್ಪಿತು. ಜೆ.ಪಿ. ನಗರಕ್ಕೆ ಎಡಕ್ಕೆ ಹೋಗಬೇಕಾದವಳು ಮುಂದಕ್ಕೆ ಹೋಗಿ, ಸಾರಕ್ಕಿ ಸಿಗ್ನಲ್ ದಾಟಿ, ಮೆಟ್ರೋ ಕಂಬಗಳ ಸಾಲು ಹಿಡಿದು ಜರಗನಹಳ್ಳಿಯ ಆ ಗೇಟಿನ ಮುಂದೆ ನಿಂತಿದ್ದಳು. ಯೂ ಟರ್ನ್ ಸಿಗದೆ, ಹಾರ್ನು ಕೇಳಿ ಕೇಳಿ, ಬೈದುಕೊಳ್ಳುತ್ತ ಸೆಂಟರ್ ತಲುಪಿದಾಗ ನಲವತ್ತು ನಿಮಿಷ ತಡ. ನರ್ಸು ಗೊಣಗಿದಳು. ಸುರಭಿ ನಿದ್ದೆಗೆಟ್ಟಿದ್ದೇ ಕಾರಣ ಅಂದುಕೊಂಡಳು.

ಗುರುವಾರ ಕಾಲೇಜಿಗೆ ಹೊರಟವಳು ಮತ್ತೆ ಅಲ್ಲೇ ನಿಂತಿದ್ದಳು. ಸ್ಟೀರಿಂಗ್ ತನ್ನಷ್ಟಕ್ಕೆ ತಿರುಗಿರಲಿಲ್ಲ. ಅವಳ ಕೈಗಳೇ ತಿರುಗಿಸಿದ್ದವು, ಬಹಳ ವರ್ಷದ ಅಭ್ಯಾಸದಲ್ಲಿ. ಗೇಟಿನ ಒಳಗೆ ನಾರಾಯಣಮ್ಮ ನಿಂತಿದ್ದಳು. ಕರೆಯಲಿಲ್ಲ. ಕಾಯುತ್ತಿದ್ದಳು. ಆ ಮನೆಯ ಅಡುಗೆಮನೆಯ ಸ್ವಿಚ್ಚು ಬಾಗಿಲ ಹಿಂದೆ, ಮೊಣಕೈಯೆತ್ತರದಲ್ಲಿದೆ ಎಂಬುದು ಸುರಭಿಗೆ ಥಟ್ಟನೆ ಹೊಳೆಯಿತು. ಅವಳು ಆ ಮನೆಯ ಹೊಸ್ತಿಲನ್ನೇ ತುಳಿದಿರಲಿಲ್ಲ.

ಬಸವಂತನಿಗೆ ಫೋನ್ ಮಾಡಿದಳು.

“ಅಂದ್ರಲ್ಲ ಮೇಡಂ ನೀವು,” ಎಂದ ಅವನು. “ನನ್ ಮುಖ ನೋಡ್ಕೊಂಡೇ ಅಂದ್ರಲ್ಲ.”

“ಪೂರ್ತಿ ಹೇಳಿ ಈಗ.”

“ರಮ್ಯ ಅಮ್ಮನ ಜೊತೆ ಜಗಳ ಆಡಿ, ಇದೇ ಸೀಟಲ್ಲಿ ಕೂತು ‘ಹೋಗ್ತೀನಿ’ ಅಂದ್ಳಂತೆ. ಬರ್ತೀನಿ ಅನ್ಲಿಲ್ಲ. ಗಾಡಿ ಕೆರೆ ಏರಿ ಮೇಲೆ ಸಿಕ್ತು, ಅವಳು ನೀರಲ್ಲಿ. ಆಮೇಲೆ ಯಮ್ಮ ಯಾರೋ ಮಾಟದವನ್ನ ಕರೆಸಿದ್ರು. ಆ ಸೀಟಲ್ಲಿ ಕೂತು ಯಾವ ಹೆಣ್ಮಗಳು ‘ಬರ್ತೀನಿ’ ಅಂತಾಳೋ, ಅವಳು ಮಗಳಾಗಿ ಬರ್ಬೇಕು, ಹಂಗೆ ಕಟ್ಟಿಸಿದಾರೆ.”

“ಆ ಕೂದಲು ಎಸೆದೆನಲ್ಲ ನಾನು!”

“ಗಂಟು ಬರೀ ಗುರುತು ಮೇಡಂ. ಕಟ್ಟಿರೋದು ಮಾತಿಗೆ. ಆ ಸೀಟಲ್ಲಿ ಇನ್ಮೇಲೆ ಕೂರ್ಬೇಡಿ. ಮೂರು ಸಲ ಆ ಗೇಟಿಗೆ ಹೋದ್ರೆ ಮುಗೀತು ಅಂತಾರೆ.”

ಎರಡು ಆಗಿತ್ತು. ನಂಬುತ್ತೇನೆಂದು ಅವಳು ಯಾರಿಗೂ ಹೇಳಲಿಲ್ಲ. ಗಾಡಿಯನ್ನು ಅಲ್ಲೇ ರಸ್ತೆಯಂಚಿಗೆ ಬಿಟ್ಟು ಆಟೋ ಹಿಡಿದಳು. ಬಾಡಿಗೆ ಚಾಲಕನೊಬ್ಬನಿಂದ ಅದನ್ನು ಮನೆಗೆ ತರಿಸಿದಳು. ಶನಿವಾರ ಎಂಟು ಗಂಟೆಗೆ ಬಂದು ಗಾಡಿ ಓಡಿಸುವಂತೆ ಅವನನ್ನೇ ಗೊತ್ತುಮಾಡಿದಳು.

ಶನಿವಾರ ಸುಧಾಮಣಿಯ ಮುಖ ಊದಿತ್ತು. ಮಾತಿನ ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಎಂಟಾಯಿತು. ಚಾಲಕ ಬರಲಿಲ್ಲ. ಎಂಟೂವರೆಗೆ, “ಮಗೂಗೆ ಜ್ವರ ಮೇಡಂ, ಸಾರಿ,” ಎಂದ. ಮೊದಲ ಕ್ಯಾಬ್‌ನವನು ಒಪ್ಪಿ ರದ್ದು ಮಾಡಿದ. ಎರಡನೆಯವನು, “ಕ್ಯಾಶಾ, ಆನ್‌ಲೈನಾ?” ಎಂದು ಕೇಳಿ ರದ್ದು ಮಾಡಿದ. ಮೂರನೆಯವನು ಹನ್ನೆರಡು ನಿಮಿಷ ಒಂದೇ ತಿರುವಿನಲ್ಲಿ ನಿಂತಿದ್ದು ರದ್ದು ಮಾಡಿದ. ಆಂಬುಲೆನ್ಸಿನವರು ಒಂದು ಗಂಟೆ ಎಂದರು. ಬೀದಿಗಿಳಿದು ಮನೆಯವರೆಗೆ ಕರೆತಂದ ಆಟೋದವನು ಬಾಗಿಲಲ್ಲೇ ನಿಂತು ಸುಧಾಮಣಿಯನ್ನು ಮೇಲಿಂದ ಕೆಳಗೆ ನೋಡಿ, “ಮಧ್ಯದಲ್ಲಿ ಏನಾದ್ರೂ ಆದ್ರೆ ನನ್ ತಲೆಗೆ ಬರುತ್ತೆ ಅಕ್ಕ,” ಎಂದು ಹೊರಟುಹೋದ.

ಸುರಭಿ ಫೋನನ್ನು ಗೋಡೆಗೆ ಬೀಸಿದಳು. ಗಾಜು ಚೂರಾಯಿತು.

“ಗಾಡಿ ಇದ್ಯಲ್ಲೇ ಕೆಳಗೆ,” ಎಂದಳು ಸುಧಾಮಣಿ. “ಯಾಕೆ ಒದ್ದಾಡ್ತೀಯ?”

ಆರು ಕಿಲೋಮೀಟರ್. ಕಣ್ಣು ಮಿಟುಕಿಸದೆ ಓಡಿಸಿದರಾಯಿತು. ತಾಯಿಯನ್ನು ಹಿಂದೆ ಮಲಗಿಸಿ, ಬಾಗಿಲು ಭದ್ರಪಡಿಸಿ, ಅವಳು ಆ ಸೀಟಿನಲ್ಲಿ ಕೂತಳು.

“ಅಮ್ಮಾ, ನನ್ನ ಹೆಸರು ಕರೀತಾ ಇರು. ಬಿಡಬೇಡ.”

“ಏನೇ ಇದು ಹುಚ್ಚು?”

“ಕರಿ ಅಂದ್ನಲ್ಲ!”

“ಸುರಭಿ,” ಎಂದಳು ತಾಯಿ. “ಸುರಭೀ.”

ಫ್ಲೈಓವರ್ ಇಳಿದಳು. ಸರಿಯಿತ್ತು. ಪಾಚಿಯ ನಾತ ಏರಿತು. ಕಿಟಕಿ ಇಳಿಸಿದಳು. ನಾತ ಹೋಗಲಿಲ್ಲ. ಎಡಕ್ಕೆ. ಎಡಕ್ಕೆ ತಿರುಗಬೇಕು. ಬಾಯಿಬಿಟ್ಟು ಹೇಳಿಕೊಂಡಳು. “ಸುರಭಿ.” ಹ್ಞೂಂ. ಎಡಕ್ಕೆ. ಕೈಗಳು ಅಲುಗಲಿಲ್ಲ. ತಿರುವು ಹಿಂದಕ್ಕೆ ಹೋಯಿತು. ಬ್ರೇಕ್ ಒತ್ತಬೇಕು. ಕಾಲು ಯಾರದ್ದೋ ಆಗಿತ್ತು. ಸಾರಕ್ಕಿ ಸಿಗ್ನಲ್. ಹಸಿರು. ಮೆಟ್ರೋ ಕಂಬ. ಇನ್ನೊಂದು ಕಂಬ. “ಸುರಭೀ, ಎಲ್ಲಿಗೇ?” ಯಾರು ಸುರಭಿ? ಕಂಬ. ಮತ್ತೊಂದು. ಹಿಂದೆ ಯಾರೋ ಉಸಿರಿಗೆ ಒದ್ದಾಡುತ್ತಿದ್ದರು. ಎಡಕ್ಕೆ ಓಣಿ. ಗೇಟು.

ಗೇಟು ತೆರೆದಿತ್ತು.

ಅವಳು ಇಳಿದಳು. ಅಭ್ಯಾಸದಂತೆ ಕೀಲಿಯ ಗುಂಡಿ ಒತ್ತಿದಳು. ಇಳಿಸಿದ್ದ ಕಿಟಕಿ ಏರಿ ಮುಚ್ಚಿತು, ಒಳಗಿನಿಂದಲೂ ತೆರೆಯಲಾಗದಂತೆ ನಾಲ್ಕು ಬಾಗಿಲ ಲಾಕೂ ಟಕ್ ಎಂದು ಬಿದ್ದವು. ಬಿಸಿಲು ಚುರುಗುಟ್ಟುತ್ತಿತ್ತು. ಹೊಸ್ತಿಲಲ್ಲಿ ಅಮ್ಮ ನಿಂತಿದ್ದಳು, ತುಂಬ ಸೊರಗಿದ್ದಳು.

“ಬಂದ್ಯಾ,” ಎಂದಳು ಅಮ್ಮ. ಬೇರೇನೂ ಕೇಳಲಿಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮಣೆ ಹಾಕಿದಳು. ಅಡುಗೆಮನೆ ಕತ್ತಲಾಗಿತ್ತು. ಅವಳು ಬಾಗಿಲ ಹಿಂದೆ ಕೈಹಾಕಿ ದೀಪ ಹಾಕಿದಳು. ಬಿಸಿ ಮುದ್ದೆ, ಅವರೆಕಾಳಿನ ಸಾರು. ಎಷ್ಟು ದಿನದ ಹಸಿವೋ, ಗಬಗಬನೆ ತಿಂದಳು. ಅಮ್ಮ ತಲೆ ನೇವರಿಸುತ್ತ ಕೂತಳು.

ಹೊರಗಿನಿಂದ ಸದ್ದು ಬಂತು. ಗಾಜಿಗೆ ಬಡಿಯುವ ಸದ್ದು. ಮೊದಲು ಜೋರಾಗಿ. ಆಮೇಲೆ ಬಿಟ್ಟು ಬಿಟ್ಟು.

“ಅಮ್ಮ, ಗಾಡೀಲಿ ಯಾರೋ ಅಜ್ಜಿ ಇದಾರೆ ಅನ್ಸುತ್ತೆ.”

“ಯಾರೋ ಪಾಪ,” ಎಂದಳು ಅಮ್ಮ. “ನೀನು ಉಣ್ಣು ರಮ್ಯಾ.”

ಅವಳು ತಟ್ಟೆ ಮುಂದಕ್ಕೆ ಚಾಚಿದಳು. ಅಮ್ಮ ಇನ್ನೊಂದು ಸೌಟು ಸಾರು ಬಡಿಸುವ ಹೊತ್ತಿಗೆ ಗಾಜಿನ ಸದ್ದು ನಿಂತಿತ್ತು.